ಕೆಂಪು ರಿಬ್ಬನಿನ ಜರ್ಮನ್ ಕ್ಲಾಸು

ಮೂಡಬಿದಿರೆಯ ತರಬೇತಿ ಕೇಂದ್ರಕ್ಕೆ ಹೊಸದಾಗಿ ಜರ್ಮನ್ ಕಲಿಸಲು ಸೇರಿದ ಇಬ್ಬರು ಹುಡುಗಿಯರು ಈಚೆಗೆ ನರಿಕೊಂಬಿನ ನಮ್ಮ ಮನೆಗೆ ಬಂದಿದ್ದರು. ಮೊದಲ ದಿನ ಯಾವ ಪಾಠ ಮಾಡಬೇಕು ಎಂಬುದು ಅವರ ಪ್ರಶ್ನೆ. ಮೊದಲ ದಿನ ಪುಸ್ತಕ ತೆರೆಯಬೇಡಿ, ಇಂಗ್ಲಿಷಿನಿಂದ ಜರ್ಮನ್‌ಗೆ ಹೋಗಿ ಅಲ್ಲೇ ಮನೆ ಮಾಡಿಕೊಂಡ ಶಬ್ದಗಳನ್ನು ಬೋರ್ಡಿನ ಮೇಲೆ ಬರೆಯಿರಿ ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಹಾಗೆ ಮಾಡಬಾರದು ಅಂತ ಆಫೀಸಿನಲ್ಲಿ ಹೇಳಿದ್ದಾರೆ ಟೀಚರ್ ಎಂದು ಒಬ್ಬಳು ಮೆಲ್ಲಗೆ ಹೇಳಿದಳು. ನನಗೂ ಹೇಳಿದ್ದರು ಎಂದೆ. ಅವರು ಬಸ್ಸು ಹಿಡಿಯುವ ಅವಸರದಲ್ಲಿದ್ದರು. ಹಾಗಾಗಿ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಎಚ್ಚರಿಕೆ ಮೊದಲೇ ಕೊಡಬೇಕು. ನಾನು ಕಾಲೇಜಿನ ದಿನಗಳಿಂದ ಡೈರಿ ಬರೆಯುವವಳು. ಡೈರಿ ಬರೆಯುವವರಿಗೊಂದು ರೋಗ ಉಂಟು. ಬೆಳಿಗ್ಗೆ ಯಾರ ಜೊತೆಗೋ ಜಗಳವಾಗಿದ್ದರೆ ಸಂಜೆ ಬರೆಯುವ ಹೊತ್ತಿಗೆ ತಾವೇ ಗೆದ್ದಿರುತ್ತಾರೆ. ವರ್ಷಗಳ ನಂತರ ಓದುವಾಗ ಆ ಗೆಲುವು ಇನ್ನೂ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ನಾನು ಚೆನ್ನಾಗಿ ಮಾತನಾಡಿದೆ ಎಂದು ಇಲ್ಲಿ ಎಲ್ಲೆಲ್ಲಿ ತೋರುತ್ತದೆಯೋ ಅಲ್ಲಲ್ಲಿ ಸ್ವಲ್ಪ ಕಳೆದು ಓದಿಕೊಳ್ಳಿ. ಬೇರೆಯವರು ಹೇಳಿದ್ದನ್ನು ಮಾತ್ರ ಆದಷ್ಟು ಇದ್ದ ಹಾಗೆ ಇಟ್ಟಿದ್ದೇನೆ.

ಬೆಳ್ತಂಗಡಿಯ ಒಂದು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಎಂ.ಎ. ಓದುವಾಗ ಹಟಕ್ಕೆ ಬಿದ್ದು ಜರ್ಮನ್ ಡಿಪ್ಲೊಮಾ ಮಾಡಿದ್ದೆ. ಆ ಸರ್ಟಿಫಿಕೇಟು ಯಾರಿಗೂ ಬೇಡವಾಗಿ ಕಪಾಟಿನಲ್ಲಿ ಬಿದ್ದಿತ್ತು. ಜರ್ಮನಿಯ ಆಸ್ಪತ್ರೆಗಳಿಗೆ ನಮ್ಮ ಕಡೆಯ ನರ್ಸುಗಳು ಬೇಕಾದಾಗ ಮೂಡಬಿದಿರೆಯಲ್ಲಿ ತರಬೇತಿ ಕೇಂದ್ರ ಶುರುವಾಯಿತು. ಜರ್ಮನ್ ಬರುವವರು ಯಾರಾದರೂ ಇದ್ದಾರಾ ಎಂದು ಹುಡುಕುತ್ತಾ ಬಂದವರು ನನ್ನನ್ನು ಕರೆದುಕೊಂಡು ಹೋದರು.

ಮೊದಲ ತಂಡಕ್ಕೆ ನಾನು ಕಲಿತ ಹಳೆಯ ಪುಸ್ತಕದಿಂದಲೇ ಕಲಿಸಿದೆ. ಕ್ಯಾಸೆಟ್ಟಿನ ಕಾಲದ ಪುಸ್ತಕ ಅದು. ಅದರಲ್ಲಿ ದೂರವಾಣಿಗೆ ಫೆರ್ನ್‌ಶ್ಪ್ರೆಹರ್ ಎಂಬ ಉದ್ದದ ಅಚ್ಚ ಜರ್ಮನ್ ಶಬ್ದ ಇತ್ತು. ಹುಡುಗಿಯರು ಅದನ್ನು ನಾಲಿಗೆ ಹೊರಳುವವರೆಗೂ ಉರು ಹೊಡೆದರು. ಆ ವರ್ಷ ಜರ್ಮನಿಯ ಒಂದು ಆಸ್ಪತ್ರೆಯಿಂದ ಬಂದ ಮಹಿಳೆಯ ಮುಂದೆ ನಮ್ಮ ಹುಡುಗಿಯೊಬ್ಬಳು ಆ ಶಬ್ದವನ್ನು ಹೆಮ್ಮೆಯಿಂದ ಹೇಳಿದಳು. ಆಕೆ ತುಂಬ ಮರ್ಯಾದೆಯಿಂದ ನಕ್ಕು, ಇದನ್ನು ನನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದೆ ಎಂದರು. ಆಮೇಲೆ ತನ್ನ ಚೀಲದಿಂದ ಮೊಬೈಲು ತೆಗೆದು ಮೇಲೆತ್ತಿ ‘ಹ್ಯಾಂಡಿ’ ಎಂದರು. ಜರ್ಮನ್ನರು ಇಂಗ್ಲಿಷಿನ ಮಣ್ಣಿನಿಂದ ತಾವೇ ಮಾಡಿಕೊಂಡ ಶಬ್ದ ಅದು. ಇಂಗ್ಲೆಂಡಿನವರಿಗೆ ಹೇಳಿದರೆ ಅವರಿಗೂ ಅರ್ಥವಾಗದು.

ಆ ದಿನದಿಂದ ನಾನು ಪತ್ರಿಕೆ, ಆಸ್ಪತ್ರೆಗಳ ಜಾಹೀರಾತು, ಅಲ್ಲಿಗೆ ಹೋದ ಹುಡುಗಿಯರ ವಾಯ್ಸ್ ಮೆಸೇಜು ಎಲ್ಲದರಿಂದಲೂ ಶಬ್ದ ಆರಿಸಲು ತೊಡಗಿದೆ. ಟೀಮ್, ಜಾಬ್, ಸ್ಟ್ರೆಸ್, ಬೇಬಿ, ಬೈಪಾಸ್, ಟ್ರೇನಿಂಗ್. ಪಾರ್ಶ್ವವಾಯುವಿನ ವಾರ್ಡಿಗೆ ಅಲ್ಲಿನವರು ಹೇಳುವುದೇ ಸ್ಟ್ರೋಕ್ ಯೂನಿಟ್ ಎಂದು. ಆದರೆ ಇವು ಜರ್ಮನ್ ಮನೆಗೆ ಹೋದ ಮೇಲೆ ಆ ಮನೆಯ ರೀತಿಗೆ ಹೊಂದಿಕೊಂಡಿವೆ. ಸ್ಟ್ರೆಸ್ ಅಲ್ಲಿ ಷ್ಟ್ರೆಸ್ ಆಗುತ್ತದೆ. ಜಾಬ್ ಪುಲ್ಲಿಂಗ, ಟೀಮ್ ನಪುಂಸಕ. ಚೆಕ್ ಮಾಡಿದೆ ಎನ್ನಲು ‘ಗೆಚೆಕ್ಟ್’ ಎಂದು ಅವರದೇ ಬಾಲ, ಅವರದೇ ಕೊಂಬು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಅವರು ಮನೆಯಲ್ಲಿ ತುಳುವಿನಲ್ಲಿ ‘ಡ್ಯೂಟಿಗ್ ಪೋಪೆ’ ಎಂದು ಹೇಳಿಯೇ ಕೆಲಸಕ್ಕೆ ಹೊರಟವರು. ಮೇಜು, ಜನೇಲು, ಚಾವಿ, ಸಾಬೂನು ಹಡಗಿನಲ್ಲಿ ಬಂದ ಶಬ್ದಗಳು ಎಂದಾಗ, ನಮ್ಮ ಜನೇಲು ಪೋರ್ಚುಗೀಸರದ್ದಾ ಟೀಚರ್ ಎಂದು ನಗುತ್ತಿದ್ದರು. ಮೊದಲ ದಿನವೇ ಬಾಯಿ ತೆರೆಯುತ್ತಿದ್ದರು. ಭಾಷೆ ಕಲಿಸುವವರಿಗೆ ಅದಕ್ಕಿಂತ ದೊಡ್ಡ ದಿನ ಇಲ್ಲ.

ಹೀಗೆ ಕೆಲವು ತಂಡಗಳು ಹೋದವು. ಆಮೇಲೆ ನೇಮಿರಾಜರು ನಮ್ಮ ನಿರ್ದೇಶಕರಾಗಿ ಬಂದರು.

ನೇಮಿರಾಜರು ಮೂಡಬಿದಿರೆಯ ಹಳೆಯ ಜೈನ ಮನೆತನದವರು, ಇಂಗ್ಲಿಷ್ ಪ್ರೊಫೆಸರರಾಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೂಗಿ ಆಡುವ ಮಾತು. ಅವರನ್ನು ಮೂರ್ಖರೆಂದು ಬರೆದರೆ ನನ್ನ ಕಥೆ ಸುಲಭವಾಗುತ್ತದೆ, ಆದರೆ ಅದು ಸುಳ್ಳು. ಅವರಿಗೊಂದು ಕಾರಣ ಇತ್ತು. ಅವರು ಬರುವುದಕ್ಕೆ ಮೊದಲಿನ ತಂಡದ ಇಂಗ್ಲಿಷ್ ಮಾಧ್ಯಮದ ಕೆಲವರು ಸಂದರ್ಶನದಲ್ಲಿ ಜರ್ಮನ್ ಹೊಳೆಯದ ಕಡೆಯೆಲ್ಲ ಇಂಗ್ಲಿಷ್ ಸುರಿದು ಬಂದಿದ್ದರು. ನಾವು ಕೇಳಿದ್ದು ಜರ್ಮನ್ ಬಲ್ಲ ನರ್ಸುಗಳನ್ನು ಎಂದು ಆ ಆಸ್ಪತ್ರೆಯವರು ನರ್ಸುಗಳನ್ನು ಕಳಿಸುವ ಏಜೆನ್ಸಿಗೆ ಹೇಳಿದ್ದರು. ನೇಮಿರಾಜರು ಅದಕ್ಕೆ ಮದ್ದಾಗಿ ತಂದದ್ದು ಒಂದು ಕೆಂಪು ರಿಬ್ಬನ್.

ಈ ಊರಿನಲ್ಲಿ ಶಾಲೆಗೆ ಹೋದವರಿಗೆ ಆ ರಿಬ್ಬನಿನ ಮೂಲ ಗೊತ್ತಿರುತ್ತದೆ. ತುಳು ಮಾತಾಡಿದ ಹುಡುಗನ ಕೊರಳಿಗೆ ಮರದ ತುಂಡು ಕಟ್ಟುವುದು, ಅವನು ತುಳು ಮಾತಾಡುವ ಇನ್ನೊಬ್ಬನನ್ನು ಹಿಡಿದು ಅದನ್ನು ದಾಟಿಸುವುದು. ಇಲ್ಲಿ ತುಳುವಿನ ಜಾಗದಲ್ಲಿ ಇಂಗ್ಲಿಷ್ ಬಂತು, ಮರದ ಜಾಗದಲ್ಲಿ ರಿಬ್ಬನ್. ಇಂಗ್ಲಿಷ್ ಶಬ್ದ ಆಡಿದವಳ ಕೊರಳಿಗೆ ತರಗತಿಯ ಲೀಡರ್ ಹುಡುಗಿ ಅದನ್ನು ಹಾಕಬೇಕು, ಇನ್ನೊಬ್ಬಳು ಆಡಿದರೆ ಅವಳಿಗೆ ದಾಟಿಸಬೇಕು. ಸಂಜೆ ಯಾರ ಕೊರಳಲ್ಲಿ ಇರುತ್ತದೋ ಅವಳು ಮರುದಿನದ ಪ್ರಾರ್ಥನೆಯಲ್ಲಿ ಎಲ್ಲರ ಎದುರು ನಿಂತು ಕ್ಷಮೆ ಕೇಳಬೇಕು. ನಾನು ವಿರೋಧಿಸಿದೆ. ಅವರಿಗೆ ಸಿಟ್ಟು ಬರಲಿಲ್ಲ.

“ನನ್ನ ಕೊರಳಲ್ಲಿ ಆ ಮರದ ತುಂಡು ಬೀಳದಿದ್ದರೆ ನಾನು ಇವತ್ತಿಗೂ ಪೇಟೆಯಲ್ಲಿ ಅಡಿಕೆ ತೂಗ್ತಾ ಇರ್ತಿದ್ದೆ ಟೀಚರೇ. ನಿಮ್ಮದು ಬರೇ ಅನುಕಂಪ. ಅನುಕಂಪದಿಂದ ಭಾಷೆ ಬರುವುದಿಲ್ಲ.”

ಸ್ಟ್ರೆಸ್, ಟೀಮ್ ಜರ್ಮನ್ ನಿಘಂಟಿನಲ್ಲೇ ಇವೆ ಎಂದು ತೋರಿಸಿದೆ. ನಿಘಂಟಿನಲ್ಲಿ ಬೈಗುಳವೂ ಉಂಟು, ಅದನ್ನೂ ಕಲಿಸುತ್ತೀರಾ ಎಂದರು. ಅವರಿಗೆ ಜರ್ಮನ್ ಬರುತ್ತಿರಲಿಲ್ಲ, ಶಿಸ್ತು ಬರುತ್ತಿತ್ತು.

ಆ ತಂಡವನ್ನು ಎರಡು ವಿಭಾಗ ಮಾಡಿದ್ದರು. ಮೊದಲ ವಿಭಾಗದ ಇಂಗ್ಲಿಷ್ ಮಾಧ್ಯಮದ ಹುಡುಗಿಯರು ಆ ರಿಬ್ಬನನ್ನು ಆಭರಣ ಮಾಡಿಕೊಂಡರು. ಕೊರಳಿಗೆ ಬಿದ್ದರೆ ಫೋಟೋ ತೆಗೆದುಕೊಳ್ಳುತ್ತಿದ್ದರು, ಪ್ರಾರ್ಥನೆಯಲ್ಲಿ ನಗುತ್ತಾ ಕ್ಷಮೆ ಕೇಳುತ್ತಿದ್ದರು. ಎರಡನೆಯ ವಿಭಾಗದಲ್ಲಿ ಕನ್ಯಾನ, ವಿಟ್ಲ, ಸಿದ್ಧಕಟ್ಟೆ ಕಡೆಯ ಕನ್ನಡ ಮಾಧ್ಯಮದವರು. ಅಲ್ಲಿ ಕೆಲವೇ ದಿನಗಳಲ್ಲಿ ಮಾತು ನಿಂತಿತು.

ಆ ವಿಭಾಗದಲ್ಲಿ ಕನ್ಯಾನದ ಸುಮಿತ್ರಾ ಇದ್ದಳು. ಬೆಳ್ತಂಗಡಿಯ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡಿ, ಅದನ್ನು ಬಿಟ್ಟು ನಮ್ಮಲ್ಲಿಗೆ ಬಂದವಳು. ಅಲ್ಲಿ ಒಬ್ಬ ಡಾಕ್ಟರು ರೌಂಡ್ಸಿಗೆ ಬಂದಾಗಲೆಲ್ಲ ಅವಳ ಇಂಗ್ಲಿಷನ್ನು ರೋಗಿಗಳ ಎದುರೇ ಅಣಕಿಸುತ್ತಿದ್ದನಂತೆ. ಜರ್ಮನ್ ಯಾಕೆ ಆರಿಸಿದಿ ಎಂದು ಮೊದಲ ವಾರ ಕೇಳಿದ್ದೆ. “ಇದು ಎಲ್ಲರಿಗೂ ಸೊನ್ನೆಯಿಂದ ಅಲ್ವಾ ಟೀಚರ್. ಇದ್ರಲ್ಲಿ ಅವ್ರೂ ನಾನೂ ಸಮ” ಎಂದಿದ್ದಳು. ಆಸ್ಪತ್ರೆಯವರ ಸಂದರ್ಶನದಲ್ಲಿ ಆಯ್ಕೆಯಾಗದಿದ್ದರೆ ಏಜೆನ್ಸಿಯವರು ಹೆಸರು ತೆಗೆಯುತ್ತಾರೆ, ಎರಡನೆಯ ಅವಕಾಶ ಇಲ್ಲ. ಆಗ ಅವಳು ಹಿಂತಿರುಗಬೇಕಾದ್ದು ಆ ಡಾಕ್ಟರನ ವಾರ್ಡಿಗೇ.

ಸಂದರ್ಶನಕ್ಕೆ ಮೊದಲು ನಮ್ಮಲ್ಲೇ ಒಂದು ಅಣಕು ಸಂದರ್ಶನ ಇಡುತ್ತಿದ್ದೆವು. ಮೇಜಿನ ಈಚೆ ನಾನು ಮತ್ತು ನೇಮಿರಾಜರು. ಸುಮಿತ್ರಾಳ ಸರದಿ ಬಂದಾಗ ನಾನು ಜರ್ಮನ್‌ನಲ್ಲಿ ಕೇಳಿದೆ: ವಯಸ್ಸಾದ ರೋಗಿಯೊಬ್ಬರು ಹಾಸಿಗೆಯಿಂದ ಬಿದ್ದಿದ್ದಾರೆ, ನೀವೇನು ಮಾಡುತ್ತೀರಿ? ಅವಳಿಗೆ ನಿದ್ದೆಯಲ್ಲೂ ಗೊತ್ತಿದ್ದ ಉತ್ತರ. ಶುರು ಮಾಡಿದಳು. ಎಬ್ಬಿಸುವುದಿಲ್ಲ, ಪಕ್ಕದಲ್ಲಿ ಕೂರುತ್ತೇನೆ ಎಂದಳು. ನಾನು ನೋಡುತ್ತೇನೆ, ಎಂದು ನಿಂತಳು. ಮತ್ತೆ, ನಾನು ನೋಡುತ್ತೇನೆ. ತನ್ನ ಬಲಗೈಯನ್ನು ಎಡಗೈಯಿಂದ ಮುಟ್ಟಿದಳು. ತೋಳು ಮುಟ್ಟಿದಳು. ತುಟಿ ಅಲುಗಿತು, ಶಬ್ದ ಬರಲಿಲ್ಲ. ಯಾರನ್ನು ಕರೆಯುತ್ತೀರಿ ಎಂದೆ. ‘ನನ್ನ ಜೊತೆ ಕೆಲಸ ಮಾಡುವ ಬಹಳ ಮನುಷ್ಯರನ್ನು’ ಎಂದು ಏನೋ ಸುತ್ತಿ ಬಳಸಿ ಹೇಳಿ ಬೆವರು ಒರೆಸಿಕೊಂಡಳು.

ಅವಳು ಹೊರಗೆ ಹೋದ ಮೇಲೆ ನೇಮಿರಾಜರು ಬೇಸರದಿಂದಲೇ ಹೇಳಿದರು. “ಕೈ ಕಾಲಿಗೆ ಜರ್ಮನ್‌ನಲ್ಲಿ ಏನು ಹೇಳ್ತಾರೆ ಅಂತ ಗೊತ್ತಿಲ್ಲದ ಹುಡುಗಿಯನ್ನು ನಾನು ಹೇಗೆ ಕೂರಿಸಲಿ? ಅವಳೊಬ್ಬಳು ಬಾಯಿ ಕಟ್ಟಿ ಕೂತರೆ ಇಡೀ ಕೇಂದ್ರದ ಮಾನ ಹೋಗ್ತದೆ.” ಸೋಮವಾರ ಸಂದರ್ಶನದ ಪಟ್ಟಿಯಿಂದ ಅವಳ ಹೆಸರು ತೆಗೆಯುವುದೆಂದು ನಿಶ್ಚಯಿಸಿದರು. ಪಾಠದ ಮೊದಲ ವಾರ ಇದೇ ಹುಡುಗಿ ದೇಹದ ಭಾಗಗಳನ್ನು ಪಟಪಟ ಹೇಳಿದ್ದು ನನಗೆ ನೆನಪಿತ್ತು. ಆದರೆ ನನ್ನ ನೆನಪೇ ತಪ್ಪಿರಬಹುದೆಂದು ಸುಮ್ಮನಾದೆ.

ಶನಿವಾರ ಅವಳೂ ನಾನೂ ಒಂದೇ ಬಸ್ಸು. ಬಿ.ಸಿ. ರೋಡಿನಲ್ಲಿ ಇಳಿದು ನಾನು ನರಿಕೊಂಬಿಗೆ, ಅವಳು ವಿಟ್ಲದ ಬಸ್ಸು ಹತ್ತಿ ಕನ್ಯಾನಕ್ಕೆ. ಸಿದ್ಧಕಟ್ಟೆ ದಾಟುವವರೆಗೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನೇ ಕೇಳಿದೆ, ಕೈಗೆ ಜರ್ಮನ್‌ನಲ್ಲಿ ಏನು ಹೇಳುತ್ತಾರೆಂದು ಮರೆತುಹೋಯಿತಾ ಎಂದು.

“ಮರೀಲಿಕ್ಕೆ ಎಂತ ಉಂಟು ಟೀಚರ್? ಹ್ಯಾಂಡ್ ಅಲ್ವಾ?”

“ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ?”

“ಅದು ಇಂಗ್ಲಿಷ್ ಅಲ್ವಾ? ಒಮ್ಮೆ ಹೇಳಿದ್ದಕ್ಕೆ ಲೀಡರ್ ನನ್ನ ಕುತ್ತಿಗೆಗೆ ಹಾಕಿದ್ಲು. ಪ್ರಾರ್ಥನೆಯಲ್ಲಿ ನಿಂತೆ. ಆರ್ಮ್ ಅಂದದ್ದಕ್ಕೂ ನಿಂತೆ. ನಂಗೆ ಇಂಗ್ಲಿಷ್ ಯಾವುದು ಜರ್ಮನ್ ಯಾವುದು ಅಂತ ಸಮ ಗೊತ್ತಾಗುದಿಲ್ಲ ಟೀಚರ್. ಹಾಗೆ ಎರಡರ ಹಾಗೆ ಕೇಳುವ ಶಬ್ದ ಬಂದ್ರೆ ಬಾಯಿ ಮುಚ್ತೇನೆ.”

ಜರ್ಮನ್‌ನಲ್ಲೂ ಹ್ಯಾಂಡ್ ಹ್ಯಾಂಡೇ, ಆರ್ಮ್ ಆರ್ಮೇ, ಫಿಂಗರ್ ಫಿಂಗರೇ, ಉಚ್ಚಾರ ಮಾತ್ರ ಸ್ವಲ್ಪ ಬೇರೆ. ಅವು ಸಾಲ ತಂದ ಶಬ್ದಗಳೂ ಅಲ್ಲ. ಎರಡು ಭಾಷೆಗಳಿಗೂ ಒಬ್ಬಳೇ ಅಜ್ಜಿಯಿಂದ ಬಂದ ಒಡವೆಗಳು. ಟೀಮ್, ಸ್ಟ್ರೆಸ್ ಬೇರೆ ಬಗೆ. ಇತ್ತೀಚೆಗೆ ಕೊಂಡು ತಂದವು. ಇಂಗ್ಲಿಷ್ ಚೆನ್ನಾಗಿ ಬಂದವರಿಗೆ ಆ ಗೆರೆಯ ಚಿಂತೆ ಇರಲಿಲ್ಲ. ಇಂಗ್ಲಿಷಿಗಾಗಿ ಒಮ್ಮೆ ಅವಮಾನ ಪಟ್ಟವರು ಮಾತ್ರ ಗೆರೆಯಿಂದ ಮಾರು ದೂರ ನಿಂತಿದ್ದರು. ಚಿಕ್ಕಂದಿನಲ್ಲಿ ತುಳುವಿಗೆ, ನರ್ಸಿಂಗ್ ಹೋಮಿನಲ್ಲಿ ಇಂಗ್ಲಿಷಿನೊಳಗೆ ಇಣುಕುವ ಕನ್ನಡಕ್ಕೆ, ಈಗ ಇಂಗ್ಲಿಷಿಗೆ: ಯಾವ ಬಾಗಿಲಿಗೆ ಹೋದರೂ ಹಿಂದಿನ ಮನೆಯ ಮಾತಿಗೆ ಶಿಕ್ಷೆ. ಹೀಗೆ ನಮ್ಮ ಕೇಂದ್ರ ಒಬ್ಬ ನರ್ಸಿಗೆ ಕೈಯೂ ತೋಳೂ ಬೆರಳೂ ಇಲ್ಲದ ಜರ್ಮನ್ ಕಲಿಸಿತ್ತು.

ಬಿ.ಸಿ. ರೋಡಿನಲ್ಲಿ ಇಳಿಯುವಾಗ ಅವಳು, “ಸೋಮವಾರ ನಾನು ಬರುದಾ ಬೇಡ್ವಾ ಟೀಚರ್?” ಎಂದು ಕೇಳಿದಳು. ಬಾ ಎಂದೆ. ಏನು ಮಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ.

ಸೋಮವಾರ ಪ್ರಾರ್ಥನೆ ಮುಗಿಯುತ್ತಲೇ ಲೀಡರ್ ಹುಡುಗಿಯ ಕೈಯಿಂದ ರಿಬ್ಬನ್ ತೆಗೆದು ನನ್ನ ಕೊರಳಿಗೆ ಹಾಕಿಕೊಂಡೆ. ನಿಯಮವನ್ನು ನಾನು ಮುರಿಯಲಿಲ್ಲ. ಕೊನೆಗೆ ಯಾರು ಇಂಗ್ಲಿಷ್ ಆಡುತ್ತಾರೋ ಅವರ ಕೊರಳಲ್ಲಿ ಅದು ಇರಬೇಕು. ಸರಿ, ಯಾವಾಗಲೂ ಕೊನೆಗೆ ಆಡುವವಳು ನಾನೇ ಎಂದು ತರಗತಿಯಲ್ಲಿ ಹೇಳಿದೆ. ಒಬ್ಬಳು ಹೆದರುತ್ತಾ ಟೀಮ್ ಎಂದರೆ ನಾನು ತಕ್ಷಣ ಟೀಮ್ ಎನ್ನುತ್ತಿದ್ದೆ. ಷ್ಟ್ರೆಸ್ ಎಂದರೆ ಷ್ಟ್ರೆಸ್. ರಿಬ್ಬನ್ ದಾಟಲು ಸಮಯವೇ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರಿಗೆ ಅದೊಂದು ಆಟವಾಯಿತು, ನನ್ನನ್ನು ಸೋಲಿಸಬೇಕೆಂದು ಹುಡುಕಿ ಹುಡುಕಿ ಶಬ್ದ ಎಸೆಯತೊಡಗಿದರು. ಹಿಂದಿನ ಬೆಂಚಿನಿಂದ ಸುಮಿತ್ರಾ ‘ಹ್ಯಾಂಡ್’ ಎಂದಳು. ಅದು ಆಟದಲ್ಲಿ ಸೇರುವುದಿಲ್ಲ, ಅದು ಜರ್ಮನ್ನರ ಸ್ವಂತದ್ದು, ಇನ್ನೊಮ್ಮೆ ಹೇಳು ಎಂದೆ. ಇನ್ನೊಮ್ಮೆ ಹೇಳಿದಳು.

ನೇಮಿರಾಜರು ಬಾಗಿಲಲ್ಲಿ ನಿಂತದ್ದು ಆಗ. ಹುಡುಗಿಯರೆಲ್ಲ ಎದ್ದು ನಿಂತರು. ಅವರು ನನ್ನ ಕೊರಳು ನೋಡಿ ಆಫೀಸಿಗೆ ಬನ್ನಿ ಎಂದರು. ಹಾಗೆಯೇ ಹೋದೆ. ಅಲ್ಲಿ ಏಜೆನ್ಸಿಯವರೊಬ್ಬರು ಕೂತಿದ್ದರು, ಅವರೂ ನೋಡಿದರು.

“ತೆಗೀರಿ ಅದನ್ನು. ಇದು ತಮಾಷೆಯ ವಿಷಯ ಅಲ್ಲ.”

“ಹುಡುಗಿಯರಿಗೆ ಹಾಕಿದಾಗ ತಮಾಷೆ ಅಲ್ಲ, ನಾನು ಹಾಕಿದಾಗ ತಮಾಷೆಯಾ ಸರ್?”

ಡೈರಿಯಲ್ಲಿ ಇದರ ಮುಂದೆ ನನ್ನದೊಂದು ದೀರ್ಘ ಭಾಷಣ ಉಂಟು. ಅಷ್ಟು ಮಾತಾಡಿರಲಿಕ್ಕಿಲ್ಲ. ಬಸ್ಸಿನಲ್ಲಿ ಕೇಳಿದ್ದನ್ನು ಹೇಳಿದೆ. ಸುಮಿತ್ರಾಳ ಹೆಸರು ತೆಗೆಯಬಾರದು ಎಂದೆ. ಅವರು ಕೇಂದ್ರದ ಮಾನದ ಮಾತನ್ನೇ ಮತ್ತೆ ಎತ್ತಿದರು. ಅವಳು ಅಲ್ಲಿ ಮಾತಾಡದೆ ಕೂತರೆ ಜವಾಬ್ದಾರಿ ಯಾರದ್ದು ಎಂದು ಕೇಳಿದರು.

“ನನ್ನದು. ಅವಳು ಬಾಯಿ ಬಿಡದಿದ್ದರೆ ಮರುದಿನದಿಂದ ನಾನು ಬರುವುದಿಲ್ಲ. ಅಲ್ಲಿವರೆಗೆ ಎರಡನೇ ವಿಭಾಗಕ್ಕೆ ರಿಬ್ಬನ್ ಬರುವುದಿಲ್ಲ.”

ಅವರು ಏಜೆನ್ಸಿಯವರ ಕಡೆ ನೋಡಿದರು. “ಆಯ್ತು ಟೀಚರೇ. ನೀವೇ ಹೇಳಿದ್ದು” ಎಂದರು.

ಸಂದರ್ಶನದವರೆಗಿನ ದಿನಗಳಲ್ಲಿ ನಾನು ಹೊಸದೇನನ್ನೂ ಕಲಿಸಲಿಲ್ಲ. ಬೋರ್ಡನ್ನು ಮೂರು ಭಾಗ ಮಾಡಿದೆ. ಒಂದರಲ್ಲಿ ಹ್ಯಾಂಡ್, ಆರ್ಮ್‌ನಂಥ ಅಜ್ಜಿಯ ಒಡವೆಗಳು. ಇನ್ನೊಂದರಲ್ಲಿ ಟೀಮ್, ಷ್ಟ್ರೆಸ್‌ನಂಥ ಸಾಲದವು, ಪಕ್ಕದಲ್ಲಿ ಅವುಗಳ ಲಿಂಗ, ಬಹುವಚನ, ಉಚ್ಚಾರ. ಮೂರನೆಯದರಲ್ಲಿ ಇಂಗ್ಲಿಷಿನಲ್ಲೇ ಉಳಿದವು: ವಾರ್ಡ್, ಪೇಶೆಂಟ್ ಫೈಲ್, ಡ್ಯೂಟಿ, ಇವನ್ನು ಅಲ್ಲಿ ಹಾಗೆಯೇ ಹೇಳಿದರೆ ನಡೆಯದು. ಈ ಮೂರನೆಯ ಭಾಗದ ಮಟ್ಟಿಗೆ ನೇಮಿರಾಜರು ಸರಿ ಇದ್ದರು, ಅದನ್ನು ನಾನು ಅವರಿಗೆ ಹೇಳಿದ್ದೇನೆ ಕೂಡ. ಗೆರೆ ಬೇಕು. ಗೆರೆಯನ್ನು ಬೋರ್ಡಿನ ಮೇಲೆ ಎಳೆಯಬೇಕು, ಮಕ್ಕಳ ಕೊರಳಿಗೆ ಅಲ್ಲ.

ಸಂದರ್ಶನದ ದಿನ ಪರದೆಯ ಮೇಲೆ ಒಂದು ಆಸ್ಪತ್ರೆಯ ನರ್ಸಿಂಗ್ ಮುಖ್ಯಸ್ಥೆ. ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ನಾನು ಮತ್ತು ನೇಮಿರಾಜರು ಪಕ್ಕಪಕ್ಕದ ಕುರ್ಚಿಗಳಲ್ಲಿ. ಸುಮಿತ್ರಾ ಹೆಸರು, ಊರು ಹೇಳಿದಳು. ಕನ್ಯಾನ ಎಲ್ಲಿದೆ ಎಂದು ಆಕೆ ಕೇಳಿದ್ದಕ್ಕೆ, ಕೇರಳದ ಗಡಿಯಲ್ಲಿ, ನಮ್ಮೂರಿನ ಅಂಗಡಿಯಲ್ಲಿ ನಾಲ್ಕು ಭಾಷೆ ಕೇಳುತ್ತದೆ ಎಂದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಬಿದ್ದ ರೋಗಿಯ ಪ್ರಶ್ನೆ ಬರಲಿಲ್ಲ. ಬೇರೆಯದೇ ಬಂತು. ಪಾಳಿಯಲ್ಲಿ ನೀವು ಇದ್ದೀರಿ, ರೋಗಿಯ ಮಾತು ಇದ್ದಕ್ಕಿದ್ದಂತೆ ತೊದಲುತ್ತಿದೆ, ಏನು ಮಾಡುತ್ತೀರಿ? ಸುಮಿತ್ರಾ ಸುಮ್ಮನಾದಳು. ಪಕ್ಕದಲ್ಲಿ ನೇಮಿರಾಜರು ಉಸಿರು ಬಿಟ್ಟದ್ದು ನನಗೆ ಕೇಳಿತು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅದಕ್ಕಿಂತ ಮೊದಲು, ಆ ಡಾಕ್ಟರನ ರೌಂಡ್ಸು ನೆನಪಾಯಿತು.

ಅವಳು ಕ್ಯಾಮೆರಾದ ಎದುರು ತನ್ನ ಎರಡೂ ಕೈಗಳನ್ನು ಎತ್ತಿದಳು. ಮೊದಲು ನಗಲು ಹೇಳುತ್ತೇನೆ, ಬಾಯಿ ವಾರೆಯಾಗುತ್ತದಾ ನೋಡುತ್ತೇನೆ ಎಂದಳು. ಆಮೇಲೆ ಎರಡು ಆರ್ಮ್ ಎತ್ತಲು ಹೇಳುತ್ತೇನೆ. ಒಂದು ಆರ್ಮ್ ಕೆಳಗೆ ಬಿದ್ದರೆ ಕಾಯುವುದಿಲ್ಲ. ನನ್ನ ಹ್ಯಾಂಡ್ ಗಟ್ಟಿ ಹಿಡಿಯಿರಿ ಎನ್ನುತ್ತೇನೆ. ಗಡಿಯಾರ ನೋಡುತ್ತೇನೆ. ಟೀಮನ್ನು ಕರೆಯುತ್ತೇನೆ. ಷ್ಟ್ರೆಸ್ ನನಗೆ ಇರುತ್ತದೆ, ರೋಗಿಗೆ ಕಾಣಬಾರದು. ವ್ಯಾಕರಣದಲ್ಲಿ ಒಂದೆರಡು ತಪ್ಪಾಯಿತು. ಆ ಮಹಿಳೆ ಬರೆದುಕೊಳ್ಳುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಆಮೇಲೆ ತಾವೇ ಮಾತಾಡಿದರು. ನಮ್ಮ ಸ್ಟ್ರೋಕ್ ಯೂನಿಟ್‌ನ ಟೀಮಿಗೆ ಜನ ಬೇಕು, ಅಲ್ಲಿ ಷ್ಟ್ರೆಸ್ ಬಹಳ, ಫೀಡ್‌ಬ್ಯಾಕ್ ಕೊಡುತ್ತೇವೆ ಎಂದರು. ಅವರ ಮಾತಿನಲ್ಲಿ ಸಾಲದ ಶಬ್ದ ಬಂದಾಗಲೆಲ್ಲ ನಾನು ನೇಮಿರಾಜರ ಕಡೆ ನೋಡದಿರಲು ಕಷ್ಟಪಟ್ಟೆ. ನೋಡಿದೆ ಅಂತಲೇ ಈಗ ಅನ್ನಿಸುತ್ತದೆ.

ಸುಮಿತ್ರಾ ಆ ಸ್ಟ್ರೋಕ್ ಯೂನಿಟ್ಟಿಗೇ ಆಯ್ಕೆಯಾದಳು. ಸುದ್ದಿ ಬಂದ ದಿನ ನೇಮಿರಾಜರು ನನ್ನನ್ನು ಕರೆದು ಅಭಿನಂದಿಸಿದರು. ಆಮೇಲೆ ಕನ್ನಡಕ ಒರೆಸುತ್ತಾ ಹೇಳಿದರು. “ಒಂದು ಮಾತು ಟೀಚರೇ. ಆ ಹೆಂಗಸಿನ ಜರ್ಮನ್ ಶುದ್ಧ ಇಲ್ಲ.”

ಅವರು ಸೋಲಲಿಲ್ಲ, ನಾನೂ ಬಿಡಲಿಲ್ಲ. ಎರಡನೆಯ ವಿಭಾಗಕ್ಕೆ ರಿಬ್ಬನ್ ಮತ್ತೆ ಬರಲಿಲ್ಲ, ಮೊದಲನೆಯದರಲ್ಲಿ ಉಳಿಯಿತು. ಮುಂದಿನ ತಂಡಕ್ಕೆ ಸಾಲದ ಶಬ್ದಗಳ ಪಾಠ ಮಾಡುವುದಿಲ್ಲ ಎಂದು ಬರೆದುಕೊಡಿ ಎಂದು ಒಮ್ಮೆ ಕೇಳಿದರು. ಬರೆದುಕೊಡಲಿಲ್ಲ. ನನ್ನ ಕೊನೆಯ ತರಗತಿಯಲ್ಲೂ ಆ ಪಾಠವನ್ನೇ ಮಾಡಿ, ಬೋರ್ಡು ಒರೆಸದೆ ಬಂದೆ.

ಸುಮಿತ್ರಾ ಆಗಾಗ ಫೋನು ಮಾಡುತ್ತಾಳೆ. ಕಳೆದ ಸಲ ಮಾಡಿದಾಗ ನಾನು ಪೊಳಲಿಯಲ್ಲಿ ತಂಗಿಯ ಮನೆಯಲ್ಲಿದ್ದೆ. ಅವಳ ವಾರ್ಡಿನಲ್ಲಿ ನಿವೃತ್ತ ಶಾಲಾ ಮಾಸ್ತರರೊಬ್ಬರು ಇದ್ದಾರಂತೆ, ಪಾರ್ಶ್ವವಾಯುವಾಗಿ ಬಂದವರು. ಮಾತು ಮರಳುತ್ತಿದ್ದಂತೆ ಅವರು ಮಾಡಿದ ಮೊದಲ ಕೆಲಸ ನರ್ಸುಗಳ ಭಾಷೆ ತಿದ್ದುವುದು. ಟೀಮ್ ಎನ್ನಬೇಡಿ, ಚೆಕ್ ಎನ್ನಬೇಡಿ, ಅಮೆರಿಕದವರು ನಮ್ಮ ಭಾಷೆಯನ್ನು ತಿಂದರು ಎಂದು ಬೈಯುತ್ತಾರಂತೆ. ಅಲ್ಲಿನ ನರ್ಸುಗಳು ತಲೆಯಾಡಿಸಿ ಹೋಗುತ್ತಾರೆ. ಇವಳು ನಿಂತಳಂತೆ.

“ನಾನು ಹೇಳಿದೆ ಟೀಚರ್, ನಿಮ್ಮ ಶಬ್ದ ನಂಗೆ ಹೇಳಿಕೊಡಿ, ನಿಮ್ಮ ಹತ್ರ ಅದನ್ನೇ ಆಡ್ತೇನೆ. ಡಾಕ್ಟರ ಹತ್ರ ಡಾಕ್ಟರದ್ದು ಆಡ್ತೇನೆ. ಆದ್ರೆ ನೀವು ಬೈದ್ರೆ ನಾನು ಬಾಯಿ ಮುಚ್ಚುದಿಲ್ಲ ಅಂತ.”

ಅಷ್ಟನ್ನೂ ಜರ್ಮನ್‌ನಲ್ಲೇ ಹೇಳಿದೆಯಾ ಎಂದು ಕೇಳಿದೆ.

“ಮತ್ತೆ? ತುಳುವಿನಲ್ಲಿ ಹೇಳಿದ್ರೆ ಅವ್ರಿಗೆ ತಾಗ್ತದಾ?”

ಅವರು ಏನೆಂದರು ಎಂದೆ. ಮರುದಿನದಿಂದ ಬೆಳಗ್ಗಿನ ಪಾಳಿಗೆ ಯಾರು ಬಂದರೂ, ನನ್ನ ಜೊತೆ ಜಗಳ ಮಾಡುವ ಆ ಹುಡುಗಿ ಯಾವಾಗ ಬರುತ್ತಾಳೆ ಎಂದು ಕೇಳುತ್ತಾರಂತೆ.